ಮೊದಲ ಪತ್ರಕ್ಕೆ ಬಾಗಿಲು ತೆಗೆಯುವ ಬಾಗಿಲಕ್ಕ

ಬೆಳಗಿನ ಐದು ಗಂಟೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ. ಅದರ ಒಂದು ಕೀಲು ಸಡಿಲವಾಗಿರುವುದರಿಂದ ಪರದೆ ಹಿಂದಕ್ಕೆ ಬೀಳದಂತೆ ಸಕ್ಕರೆ ಡಬ್ಬಿಯನ್ನು ಆನಿಸಿಟ್ಟಿದ್ದಾರೆ. ಒಲೆಯ ಮೇಲೆ ಟೀ ಕುದಿಯುತ್ತಿದೆ. ಸಿಟಿ ಬಸ್ ಓಡಿಸುವ ಗಂಡ ಮೊದಲ ಪಾಳಿಗೆ ಹೊರಟವರು, ಗೋಡೆ ಹಿಡಿದು ಶೂ ಹಾಕಿಕೊಳ್ಳುತ್ತಾ ಕೇಳುತ್ತಾರೆ, "ಇವತ್ತೆಷ್ಟು ಜನ ಬಾಗಿಲಲ್ಲಿ?"

"ನೂರ ಹದಿನೆಂಟು."

"ನನ್ನ ಬಸ್ಸಲ್ಲೂ ಅಷ್ಟು ಹಿಡಿಯಲ್ಲ ಕಣೇ."

"ನಿಮ್ಮೋರು ಟಿಕೆಟ್ ತಗೊಂಡಾದ್ರೂ ಹತ್ತುತಾರೆ. ನಮ್ಮಲ್ಲಿ ನೂರಹತ್ತು ಜನ ಬರೀ ಕಳ್ಳರು."

ತಲೆ ಎತ್ತದೆಯೇ ಹೇಳುವ ಈ ಮಾತು ಇಬ್ಬರ ಬಾಯಲ್ಲೂ ಸವೆದು ಹೋಗಿದೆ. ಗಂಡ ಬಾಗಿಲೆಳೆದುಕೊಂಡು ಹೋಗುತ್ತಾರೆ. ಬಾಗಿಲಕ್ಕ ಬಲಗೈ ಮಣಿಕಟ್ಟನ್ನು ಎರಡು ಸಲ ತಿರುವಿಕೊಂಡು ಮೊದಲ ಪತ್ರ ತೆರೆಯುತ್ತಾರೆ. ಕೂದಲು ಬೆಳೆಸುವ ಎಣ್ಣೆ. ಅಳಿಸುತ್ತಾರೆ. ಎರಡನೆಯದು ತೆರೆಯುತ್ತಾರೆ. ಸತ್ತುಹೋದ ಯಾರೋ ಸಿರಿವಂತನ ಆಸ್ತಿ. ಅದೂ ಹೋಯಿತು. ಹೀಗೆ ನೂರ ಹದಿನೆಂಟು.

ಪತ್ರ ಎಂದರೆ ಇ-ಮೇಲ್. ಬಾಗಿಲು ಎಂದರೆ ಒಂದು ಮೇಲಿಂಗ್ ಲಿಸ್ಟ್‌ನದು. ದಿನ, ವಾರ, ವೇಳೆಗಳ ಲೆಕ್ಕ ಹಾಕಿಕೊಡುವ ಒಂದು ಪುಟ್ಟ ಪ್ರೋಗ್ರಾಂ ಇದೆ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪುಕ್ಕಟೆಯಾಗಿ ಬಳಸಬಹುದು. ಲೈಬ್ರರಿಯ ಪುಸ್ತಕ ಯಾವತ್ತು ವಾಪಸು ಕೊಡಬೇಕು, ಆಸ್ಪತ್ರೆಗೆ ಮತ್ತೆ ಯಾವತ್ತು ಬರಬೇಕು ಎಂದು ಚೀಟಿಯಲ್ಲಿ ಮುದ್ರಿಸಿ ಕೊಡುವ ಎಷ್ಟೋ ಕಂಪ್ಯೂಟರುಗಳ ಹೊಟ್ಟೆಯೊಳಗೆ ಅದು ಸದ್ದಿಲ್ಲದೆ ಕೂತಿದೆ. ಅದನ್ನು ಬರೆಯುವವರಿಗೆ ಆಫೀಸಿಲ್ಲ, ಸಂಬಳವಿಲ್ಲ, ಒಬ್ಬರು ಇನ್ನೊಬ್ಬರ ಮುಖ ಕಂಡವರಲ್ಲ. ಇರುವುದು ಒಂದೇ ಒಂದು ವಿಳಾಸ. ಅದಕ್ಕೆ ಬರೆದರೆ ಎರಡು ಸಾವಿರದ ಮುನ್ನೂರು ಸದಸ್ಯರಿಗೂ ಹೋಗುತ್ತದೆ. ಉತ್ತರವೂ ಎಲ್ಲರಿಗೂ ಹೋಗಬೇಕು, ಒಬ್ಬರ ಕಿವಿಯಲ್ಲಿ ಗುಟ್ಟಾಗಿ ಹೇಳುವ ಹಾಗಿಲ್ಲ. ಇಂದು ಒಬ್ಬನಿಗೆ ಸಿಕ್ಕ ಉತ್ತರ ಐದು ವರ್ಷದ ಮೇಲೆ ಹುಡುಕಿಕೊಂಡು ಬಂದವನಿಗೂ ಸಿಗಲಿ ಎಂದು ಮಾಡಿಕೊಂಡ ಕಟ್ಟುಪಾಡು ಅದು.

ಆದರೆ ಜಾಹೀರಾತಿನವರೂ ಮೋಸದವರೂ ಇದೇ ವಿಳಾಸಕ್ಕೆ ನುಗ್ಗುತ್ತಾರಲ್ಲ? ಅದಕ್ಕೇ, ಮೊದಲ ಸಲ ಬರೆಯುವ ಯಾರದೇ ಪತ್ರವಿರಲಿ, ಹೊಸಿಲ ಹೊರಗೆ ನಿಲ್ಲುತ್ತದೆ. ಒಬ್ಬರು ನೋಡಿ, ಸರಿ ಎಂದರಷ್ಟೇ ಒಳಗೆ. ಆ ಒಬ್ಬರು ಹನ್ನೊಂದು ವರ್ಷಗಳಿಂದ ಇವರೇ. ಬಾಗಿಲಕ್ಕ ಎಂಬ ಹೆಸರು ಲಿಸ್ಟಿನಲ್ಲಿ ಯಾರೋ ತಮಾಷೆಗೆ ಕರೆದದ್ದು, ಹಾಗೇ ಅಂಟಿಕೊಂಡಿತು.

ಹೊಟ್ಟೆಪಾಡಿನ ಕೆಲಸ ಬೇರೆ. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವುದು. ಒಂಬತ್ತಕ್ಕೆ ಹೋದರೆ ಸಂಜೆ ಆರರ ತನಕ ಮೂವತ್ತು, ಮೂವತ್ತೈದು ಜೊತೆ. ಒಂದು ಕೂದಲೆಳೆ ಹೆಚ್ಚು ಸವೆದರೆ ಗಾಜು ಫ್ರೇಮಿನಿಂದ ಉದುರುತ್ತದೆ. ಹದಿನಾಲ್ಕು ವರ್ಷದ ಹಿಂದೆ, ಯಾರ ಕನ್ನಡಕ ಯಾವತ್ತು ಕೊಡಬೇಕೆಂದು ಬರೆದಿಟ್ಟ ಚೀಟಿಗಳು ಪದೇ ಪದೇ ಕಳೆದುಹೋಗುತ್ತಿದ್ದವು. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ತಾವೇ ಒಂದು ಪಟ್ಟಿ ಮಾಡಲು ಹೊರಟ ಇವರು, ರಜಾದಿನ ಬಿಟ್ಟು ಲೆಕ್ಕ ಹಾಕುವುದು ಹೇಗೆಂದು ತಿಳಿಯದೆ ಈ ಲಿಸ್ಟಿಗೆ ಬರೆದರು.

"ಎಂಥಾ ಪೆದ್ದು ಪ್ರಶ್ನೆ ಅಂತೀರಿ! ಕಳಿಸಿ ನಾಚಿಕೆ ಆಗಿ ಕಂಪ್ಯೂಟರ್ ಆಫ್ ಮಾಡ್ಬಿಟ್ಟೆ. ಊಟ ಮುಗಿಸಿ ಬಂದು ನೋಡ್ತೀನಿ, ಯಾರೋ ಒಬ್ರು ಪಾಪ, ಮಗೂಗೆ ಹೇಳೋ ಹಾಗೆ ಬಿಡಿಸಿ ಬಿಡಿಸಿ ಬರ್ದಿದ್ರು. ಆವತ್ತಿಂದ ಇಲ್ಲೇ ಇದೀನಿ."

ಪ್ರೋಗ್ರಾಮಿನಲ್ಲಿ ಇವರು ಬರೆದದ್ದು ಒಟ್ಟು ಹನ್ನೊಂದು ಸಾಲು. "ಅದರಲ್ಲೂ ನಾಲ್ಕನ್ನ ಆಮೇಲೆ ಯಾರೋ ಕಿತ್ತುಹಾಕಿದ್ರು" ಎನ್ನುತ್ತಾರೆ. ಮಿಕ್ಕದ್ದೆಲ್ಲ ಗುಡಿಸುವ, ಒರೆಸುವ ಕೆಲಸ. ಲಿಸ್ಟ್ ಬಿಡಬೇಕೆಂದವರೊಬ್ಬರು "ನನ್ನ ಹೆಸರು ತೆಗೀರಿ" ಎಂದು ಎಲ್ಲರಿಗೂ ಬರೆಯುತ್ತಾರೆ. ಬೆನ್ನಿಗೇ ಹನ್ನೆರಡು ಜನ "ನಂದೂ ತೆಗೀರಿ" ಎಂದು ಶುರು. ಇನ್ನೊಬ್ಬರು "ದಯವಿಟ್ಟು ಹೀಗೆ ಎಲ್ಲರಿಗೂ ಬರೆಯಬೇಡಿ" ಎಂದು ಎಲ್ಲರಿಗೂ ಬರೆಯುತ್ತಾರೆ.

ಒಳಕೋಣೆಯಿಂದ ಎದ್ದು ಬಂದ ಅತ್ತೆ, ಟೀ ಉಕ್ಕುವ ಮೊದಲೇ ಒಲೆ ಆರಿಸುತ್ತಾರೆ. ಸೊಸೆಯ ಕಡೆ ನೋಡಿ ಗದ್ದ ಎತ್ತುತ್ತಾರೆ. "ಊರೋರ ಮನೆ ಕಾಯೋಕೆ ನಿದ್ದೆ ಬಿಟ್ಟಳಂತೆ. ಅವರೇನು ಒಂದು ದಿನ ನಿನಗೆ ಟೀ ಮಾಡ್ಕೊಟ್ರಾ?"

"ಅದಕ್ಕೆ ನೀವಿದೀರಲ್ಲ ಅತ್ತೆ."

"ಬಾಯಿಗೇನೂ ಕಮ್ಮಿ ಇಲ್ಲ. ಕಣ್ಣು ನೋಡ್ಕೋ ಕನ್ನಡೀಲಿ, ಕೆಂಡ ಆಗಿದೆ."

ಅತ್ತೆಯ ಪ್ರಶ್ನೆಯಲ್ಲಿ ಹುರುಳಿದೆ. ನೂರಹತ್ತು ಕಸವೆಂದು ತಲೆಬರಹ ನೋಡಿದರೇ ಗೊತ್ತಾಗುವಾಗ, ಒಂದೊಂದನ್ನೂ ತೆರೆದು ಓದುವುದೇಕೆ?

ಆರು ವರ್ಷದ ಹಿಂದಿನ ಮಾತು. ಆಗ ಇವರೂ ತಲೆಬರಹ ನೋಡಿ, ಸಾಲಾಗಿ ಗುರುತು ಹಾಕಿ, ಒಂದೇ ಏಟಿಗೆ ಎಲ್ಲವನ್ನೂ ಅಳಿಸುತ್ತಿದ್ದರು. ಒಂದು ದಿನ 'ಅರ್ಜೆಂಟ್!!! ದಯವಿಟ್ಟು ಓದಿ' ಎಂಬ ಪತ್ರ ಬಂತು. ಹಾಗೆ ಬೊಬ್ಬೆ ಹಾಕುವವರೆಲ್ಲ ಮೋಸಗಾರರು ಎಂಬುದು ಇಂಥ ಬಾಗಿಲು ಕಾಯುವವರೆಲ್ಲರ ಲೆಕ್ಕ. ಅಳಿಸಿದರು. ಮೂರು ದಿನ ಬಿಟ್ಟು ಅದೇ ಬಂತು. ಮತ್ತೆ ಅಳಿಸಿದರು. ಒಂಬತ್ತನೇ ದಿನ ಬಂದ ಪತ್ರದ ತಲೆಬರಹ 'ನಾನು ಜಾಹೀರಾತು ಅಲ್ಲ' ಎಂದಿತ್ತು.

ಬರೆದವರು ಒಂದು ಡಯಾಲಿಸಿಸ್ ಕೇಂದ್ರದ ಟೆಕ್ನಿಷಿಯನ್. ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿಕೊಂಡ ಮೇಲೆ, ತಿಂಗಳ ಕೊನೆ ದಾಟುವ ತಾರೀಕೆಲ್ಲ ಒಂದು ದಿನ ತಡವಾಗಿ ಅಚ್ಚಾಗುತ್ತಿದೆ ಎಂದು ತಿಳಿಸಲು ಒದ್ದಾಡುತ್ತಿದ್ದರು. ತಮ್ಮ ರೋಗಿಗಳಿಗೆಲ್ಲ ಫೋನು ಮಾಡಿ ಸರಿಯಾದ ದಿನ ಹೇಳಿದ್ದರು. ಒಬ್ಬ ಅಜ್ಜನ ಫೋನು ಸಿಗಲಿಲ್ಲ. ಆ ಒಂಬತ್ತು ದಿನಗಳಲ್ಲೇ ಅಚ್ಚಾದ ಚೀಟಿಯಲ್ಲಿದ್ದ ದಿನಕ್ಕೇ ಅಜ್ಜ ಬಂದರು, ಬರುವಷ್ಟರಲ್ಲಿ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು. ಪತ್ರ ಒಳಗೆ ಬಿಟ್ಟ ಮೇಲೆ ಪ್ರೋಗ್ರಾಂ ಬರೆಯುವವರು ತಪ್ಪು ಹುಡುಕಿ ಸರಿಮಾಡಲು ಹಿಡಿದದ್ದು ನಲವತ್ತು ನಿಮಿಷ.

"ನಾನೇ ಎರಡು ಸಲ ಅಳಿಸಿದ್ದು ಅಂತ ಎಲ್ಲರಿಗೂ ಬರೆದೆ. ಒಬ್ರಾದ್ರೂ ಬೈತಾರೆ ಅಂದ್ಕೊಂಡೆ. ಯಾರೂ ಬೈಲಿಲ್ಲ. ಬೈದಿದ್ರೆ ಆವತ್ತೇ ಮುಗೀತಿತ್ತೇನೋ."

ಅಂದಿನಿಂದ ತೆರೆಯದೆ ಯಾವುದನ್ನೂ ಅಳಿಸಿಲ್ಲ. ಜ್ವರವಿರಲಿ, ನಂಟರು ಬಂದಿರಲಿ, ದಿನಾ ಎರಡು ಗಂಟೆ ಇಲ್ಲೇ.

ಈಗ ದೇಹ ಸಾಕೆನ್ನುತ್ತಿದೆ. ಹಗಲೆಲ್ಲ ಗಾಜು, ಬೆಳಗಾದರೆ ಪರದೆ. ಅಂಗಡಿಗೇ ವಾರಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಎರಡರಲ್ಲಿ ಒಂದನ್ನು ಬಿಡಿ ಎಂದರು. ಗಾಜು ಬಿಟ್ಟರೆ ಮನೆ ನಡೆಯುವುದಿಲ್ಲ. ಬಿಡಬೇಕಾದದ್ದು ಬಾಗಿಲೇ. ಪ್ರೋಗ್ರಾಂ ಬರೆಯುವವರ ಮುಖ್ಯಸ್ಥರಿಗೆ ತಿಳಿಸಿದಾಗ ಅವರೂ ಒಪ್ಪಿದರು. ಜೊತೆಗೆ ಒಂದು ಮಾತು ಸೇರಿಸಿದರು: ತಿಂಗಳ ಕೊನೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಹೊಸಬರ ಪತ್ರ ತೆಗೆದುಕೊಳ್ಳುವುದನ್ನೇ ನಿಲ್ಲಿಸಿಬಿಡೋಣ, ಸದಸ್ಯರು ಮಾತ್ರ ಬರೆಯಲಿ.

"ಆ ಡಯಾಲಿಸಿಸ್‌ನವರು ಆಗ ಸದಸ್ಯರಾಗಿದ್ರಾ? ಹದಿನಾಲ್ಕು ವರ್ಷದ ಹಿಂದೆ ನಾನಾಗಿದ್ನಾ?" ಎಂದು ಕೇಳುವಾಗ ಮಾತ್ರ ಬಾಗಿಲಕ್ಕನ ದನಿ ಏರುತ್ತದೆ.

ಸಹಾಯ ಬೇಕೆಂದು ಲಿಸ್ಟಿಗೆ ಬರೆದರು. ಉತ್ತರವಿಲ್ಲ. ಮತ್ತೆ ಬರೆದರು. ಎಂಟು ಜನ 'ನಿಮ್ಮ ಸೇವೆ ದೊಡ್ಡದು' ಎಂದು ಕೈಮುಗಿದು ಜಾರಿಕೊಂಡರು. ಮೂರನೇ ಸಲ, ಬಾಗಿಲಿಗೆ ಯಾವ ಬಗೆಯ ಬೀಗ ಒಳ್ಳೆಯದೆಂದು ನಲವತ್ತಮೂರು ಪತ್ರಗಳ ಚರ್ಚೆ ನಡೆದು, ಇಬ್ಬರು ಮಾತು ಬಿಟ್ಟರು. ಕಾಯಲು ಒಂದು ನರಪಿಳ್ಳೆಯೂ ಬರಲಿಲ್ಲ.

ತಿಂಗಳು ಮುಗಿಯಲು ಆರು ದಿನವಿದ್ದಾಗ ನಾಲ್ಕನೇ ಸಲ ಬರೆದರು. ಮರುದಿನ ಬೆಳಿಗ್ಗೆ ಉತ್ತರವೊಂದು ಬಂದಿತ್ತು. 'ನನಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಓದಲು ಬರುತ್ತದೆ. ಬುಧವಾರ, ಭಾನುವಾರ ನನಗೆ ರಜೆ. ಸಾಕೇ?' ಕಳಿಸಿದವರು ಅದೇ ಟೆಕ್ನಿಷಿಯನ್. ಆರು ವರ್ಷ ಲಿಸ್ಟಿನಲ್ಲೇ ಇದ್ದು, ತುಟಿ ಬಿಚ್ಚದೆ ಎಲ್ಲವನ್ನೂ ಓದುತ್ತಿದ್ದರಂತೆ.

ಬಾಗಿಲಕ್ಕ ಅದನ್ನು ಮೂರು ಸಲ ಓದಿದರು. ಆದರೂ ಹುಟ್ಟುಗುಣ ಎಲ್ಲಿ ಹೋಗಬೇಕು? ಅವರು ಬರೆದ ಮೊದಲ ಸಾಲು: 'ನನಗೊಬ್ಬಳಿಗೇ ಬರೆಯಬೇಡಿ. ಲಿಸ್ಟಿಗೆ ಬರೆಯಿರಿ.' ಟೆಕ್ನಿಷಿಯನ್ ಅದನ್ನೇ ಲಿಸ್ಟಿಗೂ ಬರೆದರು. ಸಂಜೆ ಮುಖ್ಯಸ್ಥರಿಂದ ಒಂದೇ ಸಾಲು ಬಂತು: 'ಸರಿ, ಬಾಗಿಲು ತೆರೆದೇ ಇರಲಿ.'

ವಾರಕ್ಕೆ ಎರಡು ದಿನ ಕಡಿಮೆಯಾಯಿತು ಎಂದು ಡಾಕ್ಟರಿಗೆ ಹೇಳಿದರೆ ಅವರು ನಗಲಿಲ್ಲ. "ಬೀಡಿ ಬಿಡೋರೂ ಹೀಗೇ ಹೇಳ್ತಾರಮ್ಮ" ಎಂದರು.

ಮೊದಲ ಭಾನುವಾರ ಐದಕ್ಕೇ ಎಚ್ಚರವಾಯಿತು. ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಸಕ್ಕರೆ ಡಬ್ಬಿ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. "ಹೋಗಿ ಮಲ್ಕೋ ಮಾರಾಯ್ತಿ, ನೋಡೋಕಾಗ್ತಿಲ್ಲ" ಎಂದು ಅತ್ತೆಯೇ ಗದರಿದರು.

ಸೋಮವಾರ ತೆರೆದರೆ ಲಿಸ್ಟೆಲ್ಲ ಗದ್ದಲ. ಭಾನುವಾರ ಒಂದು ಜಾಹೀರಾತು ನುಸುಳಿ ಎರಡು ಸಾವಿರದ ಮುನ್ನೂರು ಮನೆಗೂ ಹೋಗಿತ್ತು: ಅರ್ಧ ಬೆಲೆಗೆ ಕನ್ನಡಕ. 'ಬಾಗಿಲಲ್ಲಿ ಯಾರು ನಿದ್ದೆ ಹೊಡೀತಿರೋದು?' ಎಂದೊಬ್ಬರು ಕೇಳಿದ್ದರು. ಟೆಕ್ನಿಷಿಯನ್ ಬೆವತು ಫೋನು ಮಾಡಿದರು. ಹದಿನಾಲ್ಕು ವರ್ಷದಲ್ಲಿ ಲಿಸ್ಟಿನ ಒಬ್ಬರ ದನಿಯನ್ನು ಬಾಗಿಲಕ್ಕ ಕೇಳಿದ್ದು ಅದೇ ಮೊದಲು.

"ಕನ್ನಡಕ ಅಂತಿತ್ತು ಅಕ್ಕ. ನಿಮ್ಮ ಅಂಗಡೀದೇ ಇರ್ಬೇಕು ಅಂದ್ಕೊಂಡು ಬಿಟ್ಬಿಟ್ಟೆ."

ಬಾಗಿಲಕ್ಕ ಬಹಳ ದಿನದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೇಳಿದರು, "ಒಟ್ಟು ಎಷ್ಟಿತ್ತು?"

"ನೂರ ನಾಲ್ಕು."

"ಎಷ್ಟು ತೆರೆದು ನೋಡಿದ್ರಿ?"

"ಎಲ್ಲಾನೂ ಅಕ್ಕ."

"ಹಾಗಾದ್ರೆ ಸರಿಯಾಗೇ ಮಾಡಿದೀರಿ ಬಿಡಿ. ಕಸ ಒಳಗೆ ಬಂದ್ರೆ ಗುಡಿಸ್ಕೋಬಹುದು."

ಫೋನಿಟ್ಟು ಲಿಸ್ಟಿಗೆ ಬರೆದರು: 'ನಿನ್ನೆಯ ಜಾಹೀರಾತಿನ ಹೊಣೆ ನನ್ನದು. ಬಾಗಿಲಲ್ಲಿ ಯಾರೂ ಮಲಗಿರಲಿಲ್ಲ.' ಕಳಿಸಿ, ಮಣಿಕಟ್ಟು ತಿರುವಿಕೊಂಡು, ಆ ದಿನದ ನೂರ ಇಪ್ಪತ್ತೆರಡರಲ್ಲಿ ಮೊದಲನೆಯದನ್ನು ತೆರೆದರು.

ಇನ್ನೇನು ಆಸೆ ಎಂದರೆ ಬಾಗಿಲಕ್ಕ ದೊಡ್ಡದೇನನ್ನೂ ಹೇಳುವುದಿಲ್ಲ. "ಮುಂದಿನ ಭಾನುವಾರ ಏಳರ ತನಕ ಮಲಗ್ಬೇಕು ಅಂತಿದೀನಿ. ಎಚ್ಚರ ಆದ್ರೂ ಸರಿ, ಎದ್ದೇಳಲ್ಲ. ಅಲ್ಲಿ ಅವರು ತೆರೀತಿರ್ತಾರೆ ಅಂತ ಗೊತ್ತಲ್ಲ, ಸುಮ್ನೆ ಬಿದ್ಕೊಂಡಿರ್ತೀನಿ."