ಕಡೆಗಿಟ್ಟ ಪಾಳಿ

ಬೆಳಗಾವಿಗೆ ಬಂದದ್ದು ವಿಧಾನಮಂಡಲದ ಅಧಿವೇಶನ ನೋಡಲು. ಒಳಗೆ ಹೋಗಲು ಪಾಸ್ ಸಿಗದೆ, ಸೌಧದಾಚೆಯ ಹೊಲದಲ್ಲಿ ಹಾಕಿದ್ದ ಧರಣಿಯ ಪೆಂಡಾಲಿಗೆ ಹೋಗಿ ಕುಳಿತೆ. ಖಾನಾಪುರದ ಕಾಡಂಚಿನ ಹೆಂಗಸರು ತಮ್ಮೂರ ಹಳ್ಳಕ್ಕೊಂದು ಸೇತುವೆ ಕೇಳಲು ಬಂದಿದ್ದರು. ಮಳೆಗಾಲದಲ್ಲಿ ಹೆರಿಗೆ ನೋವು ಬಂದವರನ್ನೂ ಕಂಬಳಿಯ ಜೋಲಿಯಲ್ಲಿ ಹೊತ್ತು ದಾಟಿಸಬೇಕಂತೆ. ಈ ಭಾಗದ ಸಮಸ್ಯೆಗಳ ಚರ್ಚೆಯನ್ನು ಸದನದಲ್ಲಿ ಮತ್ತೆ ಅಧಿವೇಶನದ ಕೊನೆಯ ದಿನಕ್ಕೆ ಹಾಕಿದ್ದಾರೆಂಬ ಸುದ್ದಿ ಆಗಷ್ಟೇ ಬಂತು. ಇಷ್ಟು ದೊಡ್ಡ ಸೌಧ ಕಟ್ಟಿದ್ದು ಮತ್ಯಾತಕ್ಕೆ ಎಂದು ನನಗೇ ಉರಿದುಹೋಯಿತು.

ಅವರ ಮುಂದಾಳು ಶಾಂತವ್ವ ಮಾತ್ರ ನಕ್ಕರು. “ಕಡೀ ದಿನ ಎಲ್ಲಾರೂ ಬ್ಯಾಗ್ ಕಟ್ಕೊಂಡು ಊರಿಗೆ ಹೊಂಟಿರ್ತಾರ್ರೀ. ಖಾಲಿ ಕುರ್ಚಿ ಮುಂದ ಏನ್ ಹೇಳೂದು? ನಮ್ಮ ಚರ್ಚಾ ನಾವು ಇಲ್ಲೇ ಮಾಡೂಣು.” ಊಟದ ತಾಟನ್ನು ಸೌಟಿನಿಂದ ಬಡಿದು ಸಭೆ ಶುರು ಮಾಡಿಯೇಬಿಟ್ಟರು. ಒಬ್ಬೊಬ್ಬರೇ ಎದ್ದು, ಕನ್ನಡದಲ್ಲೋ ಮರಾಠಿಯಲ್ಲೋ, ಹಳ್ಳ ದಾಟಿದ ಕಥೆ ಹೇಳತೊಡಗಿದರು. ನಡುವೆ ಬಾಯಿ ಹಾಕಿದವರಿಗೆ ತಾಟಿನ ಸದ್ದೇ ಉತ್ತರ.

ಅಷ್ಟರಲ್ಲಿ ಸಚಿವರೊಬ್ಬರು ಪೆಂಡಾಲುಗಳನ್ನು ಸುತ್ತುತ್ತ ಬಂದರು. ಹೊರಗೇ ನಿಂತು, “ಮನವಿ ಕೊಡ್ರಿ, ಟೈಮಿಲ್ಲ” ಎಂದು ಕೈ ಚಾಚಿದರು. ಆಗ ಎದ್ದು ಮಾತಾಡುತ್ತಿದ್ದ ಬಾಣಂತಿಯೊಬ್ಬಳು ಮಾತು ನಿಲ್ಲಿಸಲಿಲ್ಲ.

ಶಾಂತವ್ವ ತಾಟು ಬಡಿದರು.

“ಕುಂದರ್ರೀ ಸಾಹೇಬ್ರ. ನಿಮ್ಮ ಪಾಳಿ ಕಡೀಕ ಇಟ್ಟೇವಿ.”