ಚಂದ್ರಿಯ ಕೊರಳಿನ ಗಂಟೆ

ಸ್ವಪ್ನಾಲಿಯ ಹೆಸರೆತ್ತಿದರೆ ಮಾಡಗ್ಯಾಳದ ಕುರಿಗಾರ ಸೋಮನಿಂಗಪ್ಪ ಇಂದಿಗೂ ಬಾಯೊಳಗಿನ ತಂಬಾಕು ಉಗುಳಿಯೇ ಮಾತು ತೆಗೆಯುತ್ತಾನೆ. "ನನ್ನ ಮನ್ಯಾಗ ಉಂಡು ನನ್ನ ಗಂಟೀನ ಒಯ್ದಳು!"

ಅದು ಪೇಟೆಯ ಗಂಟೆಯಲ್ಲ. ಊರ ಕಮ್ಮಾರ ನೂರಮಹಮ್ಮದ ಚಾಚಾ ತಾನು ಸಾಯುವ ವರ್ಷ ಬಡಿದು ಮಾಡಿಕೊಟ್ಟದ್ದು. ಮುಂದಾಳು ಕುರಿ ಚಂದ್ರಿಯ ಕೊರಳಲ್ಲಿ ಅದು ನುಡಿಯಿತೆಂದರೆ ತೊಂಬತ್ತು ಕುರಿ ಮೇವು ಬಿಟ್ಟು ಅವಳ ಬೆನ್ನು ಹತ್ತುತ್ತಿದ್ದವು.

ಸ್ವಪ್ನಾಲಿ ಜತ್ತದ ಹುಡುಗಿ, ಪುಣೆಯ ಕಂಪನಿಯೊಂದರಲ್ಲಿ ಕೆಲಸ. ಅಲ್ಲಿ ಕನ್ನಡಕದಂಥ ಯಂತ್ರ ಕಣ್ಣಿಗೆ ಕಟ್ಟಿಕೊಂಡು ಓದುವ ಕಥೆ ಮಾಡುತ್ತಾರಂತೆ. ಸುತ್ತಲೂ ಚಿತ್ರ, ಕೆಳಗೆ ಮಾತು, ಮುಂದೇನಾಗಬೇಕೆಂದು ಓದುವವನೇ ಆರಿಸಬೇಕು. ಅದಕ್ಕೆ ಈ ಬಯಲಿನ ಸಪ್ಪಳ ಬೇಕಿತ್ತು.

"ಇಲ್ಲಿ ಗಾಳಿ ಭಾಳ ಐತ್ರಿ ಕಾಕಾ. ಗಂಟೀ ಸಪ್ಪಳ ಸ್ಟುಡಿಯೋದಾಗ ತುಂಬಿಕೋಬೇಕು. ಎಂಟ ದಿನದಾಗ ತಂದ ಕೊಡ್ತೀನಿ," ಎಂದಳು.

ಹೆಂಡತಿ ಹೌಸಾಬಾಯಿ ಬೇಡವೆಂದು ಕಣ್ಸನ್ನೆ ಮಾಡಿದರೂ ಅವನು ಬಿಚ್ಚಿ ಕೊಟ್ಟ.

ಸ್ವಪ್ನಾಲಿ ಮತ್ತೆ ಬಂದದ್ದು ಏಳು ತಿಂಗಳಿಗೆ, ಗಂಟೆಯಿಲ್ಲದೆ. ಡಬ್ಬಿಯಂಥ ಕಪ್ಪು ಕನ್ನಡಕವನ್ನು ಅವನ ತಲೆಗೆ ಬಿಗಿದಳು. ಎದುರಿಗೆ ಅವನದೇ ಬಯಲು, ಸಂಜೆಯ ಬಿಸಿಲು. ಬೆನ್ನ ಹಿಂದೆ, ಎಡಕ್ಕೆ, ದೂರದಲ್ಲಿ ಗಂಟೆ ನುಡಿಯಿತು. ಗರಕ್ಕನೆ ತಿರುಗಿದ. ಸಪ್ಪಳ ಎದುರಾಯಿತು, ಹತ್ತಿರ ಬಂತು.

"ಚಂದ್ರೀ, ಬಾ!" ಕೈ ಚಾಚಿಯೇಬಿಟ್ಟ.

ಬಂದದ್ದು ಹತ್ತಿಯ ಉಂಡೆಯಂಥ ಬಿಳಿ ಕುರಿ. ಚಂದ್ರಿಯ ಡೊಂಕು ಮೂಗಿಲ್ಲ, ಕಂದು ಮಚ್ಚೆಯಿಲ್ಲ. ಕೈ ಗಾಳಿಯಲ್ಲಿ ಆಡಿತು.

"ಗಂಟಿ ಹಿಂದ ಹೋಗ್ತೀರೋ, ಮನೀಗಿ ಹೋಗ್ತೀರೋ? ಆರಸ್ರಿ," ಎಂದಳು.

"ಗಂಟಿ ಹಿಂದ!"

ಸಪ್ಪಳ ಕರೆದೊಯ್ದಲ್ಲಿ, ಬಾವಿಯ ದಂಡೆಯಲ್ಲಿ ಒಬ್ಬ ಹುಡುಗಿ ಅಳುತ್ತ ನಿಂತಿದ್ದಳು. ಗಂಟೆ ನಿಂತಿತು.

"ಇಲ್ಲಿಂದ ಅಕಿ ಕಥಿ ಸುರು ಕಾಕಾ."

"ಅಕಿ ಅತ್ತರ ಅಳಲಿ! ನನ್ನ ಗಂಟಿ ಎಲ್ಲೈತಿ?" ಕನ್ನಡಕ ಕಿತ್ತು ಕಟ್ಟೆಯ ಮೇಲೆ ಕುಕ್ಕಿದ.

"ಸಾಹೇಬ್ರು ಆಫೀಸಿನ ಕಪಾಟಿನ್ಯಾಗ ಚಂದಕ್ಕಂತ ಇಟ್ಟಾರ್ರಿ. ಅದರ ಆವಾಜ ಇದರಾಗ ಐತಲ್ಲ, ಬೇಕಾದಾಗ ಕೇಳ್ರಿ."

"ನಾ ಅಲ್ಲವ್ವ, ನನ್ನ ಕುರಿ ಕೇಳಬೇಕು! ತೊಂಬತ್ತ ತಲಿಗಿ ತೊಂಬತ್ತ ಡಬ್ಬಿ ಕಟ್ತೀ ಏನು?"

ಅವಳು ತಲೆ ತಗ್ಗಿಸಿ, ಆ ನಾದವನ್ನು ಅವನ ಮೊಬೈಲಿಗೆ ಹಾಕಿ, ಗಂಟೆ ಕಳಿಸುತ್ತೇನೆಂದು ಹೋದಳು.

ಮರುದಿನ ಬಯಲಲ್ಲಿ ಅದನ್ನು ನುಡಿಸಿದ. ಕುರಿಗಳೆಲ್ಲ ಚಂದ್ರಿಯನ್ನು ದಾಟಿ ಓಡಿಬಂದು ಮೊಬೈಲಿದ್ದ ಅವನ ಜೇಬಿಗೆ ಮೂಗು ಹಚ್ಚಿದವು. ಜೇಬಿನಲ್ಲಿ ಸಪ್ಪಳವಿತ್ತು, ಚಂದ್ರಿಯಿರಲಿಲ್ಲ. ವಾರದೊಳಗೆ, ನುಡಿಸಿದರೂ ಒಂದೂ ತಲೆ ಎತ್ತದಾಯಿತು.

"ಮೋಸ ಅವಕ್ಕೂ ತಿಳೀತು, ನನಗಽ ತಿಳ್ಯಾಕ ತಡಾ ಆತು," ಎಂದು ಹೌಸಾಬಾಯಿಯ ಮುಂದೆ ಒಮ್ಮೆ ಮಾತ್ರ ಹೇಳಿದ.

ಫೋನು ಮಾಡಿದಾಗೆಲ್ಲ ಸ್ವಪ್ನಾಲಿ "ಕಳಸ್ತೀನ್ರಿ ಕಾಕಾ" ಎನ್ನುತ್ತಾಳೆ. ಎರಡು ವರ್ಷವಾಯಿತು. ಚಂದ್ರಿಯ ಖಾಲಿ ಕೊರಳಪಟ್ಟಿ ಇನ್ನೂ ಗೂಟದಲ್ಲೇ ಇದೆ.