ಸುಟ್ಟ ಸಕ್ಕರೆಯ ಕಹಿ

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯವರು ಮರಗೆಲಸದ ಸಾಬರು. ಕೊಡಗಿನ ಕಡೆಯ ಕಾಫಿ ತೋಟದ ಬಂಗಲೆಗೆ ಕುರ್ಚಿ ಮೇಜು ಮಾಡಿಕೊಡುತ್ತಿದ್ದರು. ಆ ವರ್ಷ ಕ್ರಿಸ್‌ಮಸ್ ಹಬ್ಬ ರಂಜಾನ್ ಉಪವಾಸದ ನಡುವೆ ಬಂತು. ಬಂಗಲೆಯ ದೊರೆಸಾನಿಗೆ ಕಳಿಸಲೆಂದು ಸಾಬರ ಹೆಂಡತಿ, ತಾಮ್ರದ ಪಾತ್ರೆಯ ಕೆಳಗೂ ಮೇಲೂ ಕೆಂಡವಿಟ್ಟು ಹಣ್ಣಿನ ಕೇಕು ಬೇಯಿಸಿದರು.

"ಸಕ್ಕರೆ ಸುಡಬೇಕು ಅಂದಿದ್ದ ಅಲ್ಲಿನ ಬಟ್ಲರು. ಎಷ್ಟು ಅಂತ ಹೇಳ್ನಿಲ್ಲ. ನಾನು ರೋಜಾ ಇದ್ದೀನಿ, ನೀನೇ ತಿಂದು ಹೇಳು ತಂಗಿ. ಮುಲಾಜು ಬ್ಯಾಡ" ಎಂದರು.

ಬೆಲ್ಲದ ಕಜ್ಜಾಯವಷ್ಟೇ ತಿಂದು ಬೆಳೆದ ನಾನು ನಿಧಾನವಾಗಿ ಅಗಿದೆ. ಮೊದಲು ದ್ರಾಕ್ಷಿ, ಆಮೇಲೆ ಲವಂಗ, ಕೊನೆಯಲ್ಲಿ ಸ್ವಲ್ಪ ಕಹಿ.

"ಸೀದೋಗ್ಯದೆ ಕಣಕ್ಕ" ಎಂದೆ.

ಅವರು ಅದನ್ನು ಮಕ್ಕಳಿಗೆ ಕೊಟ್ಟರು. ತಮ್ಮ ಹಬ್ಬಕ್ಕೆಂದು ಎತ್ತಿಟ್ಟಿದ್ದ ದ್ರಾಕ್ಷಿ ಗೋಡಂಬಿಯನ್ನೆಲ್ಲ ಹಾಕಿ, ಸಕ್ಕರೆ ಸುಡದೆ, ಇನ್ನೊಂದು ಕೇಕು ಮಾಡಿ ಕಳಿಸಿದರು.

ರಂಜಾನ್ ಹಬ್ಬದ ದಿನ ನಗುತ್ತಲೇ ಹೇಳಿದರು: "ಕೇಕು ಯಾಕೆ ಬಿಳುಚಿಕೊಂಡದೆ ಅಂತ ದೊರೆಸಾನಿ ಕೇಳಿದ್ರಂತೆ. ಆ ಕಹೀನೇ ಅದರ ರುಚಿಯಂತೆ. ಮೊದಲ್ನೇದೇ ಸರಿಯಾಗಿತ್ತು ಕಣೆ. ಬುಡು, ನಮ್ಮ ಮಕ್ಕಳು ದೊರೆ ಕೇಕು ತಿಂದ್ವಲ್ಲ."

ಆಮೇಲೆ ನನ್ನ ಕೈಗೆ ಶಾವಿಗೆ ಪಾಯಸದ ಬಟ್ಟಲು ಕೊಟ್ಟರು. ಪ್ರತಿ ವರ್ಷ ಮೇಲೆ ತೇಲುತ್ತಿದ್ದ ದ್ರಾಕ್ಷಿ ಒಂದೂ ಇರಲಿಲ್ಲ.

"ಎಂಗದೆ, ಹೇಳು" ಎಂದು ನನ್ನ ಮುಖವನ್ನೇ ನೋಡಿದರು.

"ಚೆನ್ನಾಗದೆ ಕಣಕ್ಕ" ಎಂದೆ. ತಲೆ ಎತ್ತದೆ ಬಟ್ಟಲು ಬರಿದು ಮಾಡಿದೆ.